ಬೈರನಿಗೆ ಮೊದಲ ಗೊಂಚಲು

ನಮ್ಮ ಹೊಲದಲ್ಲಿ ಬೆಳೆದ ಹಣ್ಣನ್ನು ಮನೆಯವರು ಯಾರೂ ನಾಯಿಗಿಂತ ಮೊದಲು ತಿನ್ನುವಂತಿರಲಿಲ್ಲ. ಮಾವಾಗಲಿ ಸೀಬೆಯಾಗಲಿ ಪರಂಗಿಯಾಗಲಿ, ಫಸಲಿನ ಮೊದಲ ಹಣ್ಣನ್ನು ತಾತ ತಾವೇ ತೊಳೆದು, ಹೋಳು ಮಾಡಿ, ಬಾಳೆಲೆಯ ತುಂಡಿನ ಮೇಲಿಟ್ಟುಕೊಂಡು ಜಗುಲಿಯಿಂದ ಇಳಿದು ಬೈರನ ಎದುರು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಬೈರ ನುಂಗಿದ ಮೇಲೆ ಉಳಿದವರ ಸರದಿ. ಅದುವರೆಗೆ ಬುಟ್ಟಿ ಪಕ್ಕದಲ್ಲೇ ಇದ್ದರೂ ನಮಗೆ ಸಲ್ಲುತ್ತಿದ್ದುದು ಪರಿಮಳ ಮಾತ್ರ.

ಬೈರ ಎಂಬುದು ಒಂದು ನಾಯಿಯ ಹೆಸರಲ್ಲ. ನಮ್ಮ ಮನೆಯಲ್ಲಿ ಆ ಸ್ಥಾನಕ್ಕೆ ಬಂದ ಪ್ರತಿಯೊಂದು ನಾಯಿಗೂ ಅದೇ ಹೆಸರು. ತಾತನ ತಂದೆಯ ಕಾಲದಲ್ಲಿ ಒಮ್ಮೆ ಕಪಿಲೆ ಉಕ್ಕಿ ಬಂದಿತ್ತಂತೆ. ಹೊಲದ ಗುಡಿಸಲಿನಲ್ಲಿ ಮಲಗಿದ್ದವರನ್ನು ಎಲ್ಲಿಂದಲೋ ಬಂದ ಒಂದು ನಾಯಿ ಬೊಗಳಿ, ಪಂಚೆಯನ್ನು ಕಚ್ಚಿ ಎಳೆದು ಎಬ್ಬಿಸಿತು. ಅವರು ದಿಣ್ಣೆ ಹತ್ತಿ ಹಿಂದಿರುಗಿ ನೋಡಿದಾಗ ಗುಡಿಸಲಿದ್ದ ಕಡೆ ನೀರಿತ್ತು. ಮುತ್ತಾತ ಅಲ್ಲಿಯೇ ನಿಂತು ನಂಜುಂಡೇಶ್ವರನಿಗೆ ಕೈಮುಗಿದು, ಈ ಮಣ್ಣಿನಲ್ಲಿ ಬೆಳೆಯುವ ಹಣ್ಣನ್ನು ಇನ್ನು ಮೇಲೆ ನಾಯಿ ತಿಂದ ನಂತರವೇ ನಾವು ತಿನ್ನುತ್ತೇವೆ ಎಂದು ಹರಕೆ ಹೊತ್ತರು. ಆ ಹರಕೆಯನ್ನು ತಂದೆಯ ನಂತರ ನಡೆಸಿಕೊಂಡು ಬಂದವರು ತಾತ ಚಿಕ್ಕಬಸಪ್ಪ. ತಾತನ ಕೈಯಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ.

ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ನದಿಯ ಪಕ್ಕದಲ್ಲಿದೆ. ಮನೆಯ ಹಿಂದಿನ ತೋಟದಲ್ಲಿದ್ದ ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ಹೋದ ಮೇಲೆ, ಖಾಲಿ ಬಿದ್ದ ಜಾಗದಲ್ಲಿ ತಾತ ಕಲ್ಲುಕಂಬ ನಿಲ್ಲಿಸಿ, ತಂತಿ ಬಿಗಿದು, ದೊಡ್ಡಬಳ್ಳಾಪುರದ ಕಡೆಯಿಂದ ತರಿಸಿದ ಕಪ್ಪು ದ್ರಾಕ್ಷಿಯ ಬಳ್ಳಿ ಹಬ್ಬಿಸಿದ್ದರು. ಭತ್ತ, ಕಬ್ಬು, ಬಾಳೆ ಬಿಟ್ಟು ಬೇರೆ ನೋಡದ ನಮ್ಮ ಊರಿನವರಿಗೆ ಅದೊಂದು ತಮಾಷೆಯ ವಸ್ತುವಾಯಿತು. ಪಕ್ಕದ ಮನೆಯ ಮಲ್ಲಾಜಮ್ಮನವರಂತೂ ಆ ಚಪ್ಪರದ ಕೆಳಗೆ ಮದುವೆ ಮಾಡಬಹುದೇ ಹೊರತು ಹಣ್ಣು ಕೀಳುವುದು ಸಾಧ್ಯವಿಲ್ಲ ಎಂದು ಕೇರಿಗೆಲ್ಲ ಸಾರಿದ್ದರು. ತಾತ ಬಳ್ಳಿಯನ್ನು ಸವರಿದರು, ಕಟ್ಟಿದರು, ಸುತ್ತ ಮುಳ್ಳುಬೇಲಿ ಹಾಕಿ ಬೈರನೂ ನುಗ್ಗದಂತೆ ಮಾಡಿದರು. ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಗೊಂಚಲುಗಳು ಹಸಿರು ಬಿಟ್ಟು ನೇರಳೆಗೆ, ನೇರಳೆ ಬಿಟ್ಟು ಕಪ್ಪಿಗೆ ತಿರುಗಿದವು. ತಾತ ಮನೆಮನೆಗೂ ಹೋಗಿ, ಬರುವ ಸೋಮವಾರ ಬೈರನಿಗೆ ಮೊದಲ ಗೊಂಚಲು, ಆಮೇಲೆ ಎಲ್ಲರಿಗೂ ಹಣ್ಣು ಎಂದು ಕರೆದು ಬಂದರು. ಮಲ್ಲಾಜಮ್ಮನವರ ಮನೆಗೆ ಎರಡು ಸಲ ಹೋದರು.

ಆಗ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ದ್ರಾಕ್ಷಿಯ ಎಲೆಗಳ ಮೇಲೆ ಅಲ್ಲಲ್ಲಿ ಬೂದಿ ಉದುರಿದಂತೆ ಕಾಣುತ್ತಿದೆ, ಅದಕ್ಕೇನು ಮಾಡಬೇಕೆಂದು ಕಂಪ್ಯೂಟರಿನಲ್ಲಿ ನೋಡಿಕೊಂಡು ಬಾ ಎಂದು ತಾತ ನನಗೆ ಹೇಳಿದ್ದರು. ಕೆಲಸ ಮುಗಿದ ಮೇಲೆ ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರಿಗೆ ಹೋದೆ. ಬೂದಿ ರೋಗದ ಮಾಹಿತಿ ಸುಲಭವಾಗಿ ಸಿಕ್ಕಿತು. ಅದನ್ನು ಹುಡುಕುವಾಗ ಪಕ್ಕದಲ್ಲೇ ಇನ್ನೊಂದು ಪುಟ ತೆರೆದುಕೊಂಡಿತು. ಅದು ನಾಯಿ ಸಾಕುವವರಿಗಾಗಿ ಪಶುವೈದ್ಯರು ಬರೆದದ್ದು. ನಾಯಿಗಳಿಗೆ ಹಸಿ ದ್ರಾಕ್ಷಿಯನ್ನೂ ಒಣದ್ರಾಕ್ಷಿಯನ್ನೂ ಕೊಡಬಾರದು. ತಿಂದ ಕೆಲವು ನಾಯಿಗಳು ವಾಂತಿ ಮಾಡಿಕೊಂಡು, ಮಂಕಾಗಿ, ಮೂತ್ರಪಿಂಡ ಕೆಟ್ಟು ಸತ್ತಿವೆ. ಕಾರಣ ಇನ್ನೂ ತಿಳಿದಿಲ್ಲ.

ಒಂದು ಪುಟವನ್ನು ನಂಬಿ ಮನೆಯಲ್ಲಿ ಮಾತೆತ್ತುವುದು ಸರಿಯಲ್ಲವೆನ್ನಿಸಿತು. ಬೇರೆ ಬೇರೆ ದೇಶದವರು ಬರೆದದ್ದನ್ನು ಹುಡುಕಿ ಓದಿದೆ. ಒಬ್ಬರು ಇನ್ನೊಬ್ಬರನ್ನು ನೋಡಿ ನಕಲು ಮಾಡಿದ್ದಾರೆಯೇ ಎಂದು ಹೋಲಿಸಿದೆ. ವಿವರಗಳು ಬೇರೆ ಇದ್ದವು, ತೀರ್ಮಾನ ಒಂದೇ ಇತ್ತು. ಮಾವು, ಪರಂಗಿ, ಕಲ್ಲಂಗಡಿ ಬೀಜ ತೆಗೆದು ಕೊಟ್ಟರೆ ತೊಂದರೆಯಿಲ್ಲ. ನಮ್ಮ ಮನೆಯ ಬೈರಂದಿರೆಲ್ಲ ಆರೋಗ್ಯವಾಗಿದ್ದುದಕ್ಕೆ ಅರ್ಥ ಸಿಕ್ಕಿತು. ಅವರು ತಿಂದಿದ್ದ ಹಣ್ಣುಗಳಲ್ಲಿ ದ್ರಾಕ್ಷಿ ಇರಲಿಲ್ಲ. ನಮ್ಮ ಮಣ್ಣು ದ್ರಾಕ್ಷಿ ಕೊಡುತ್ತಿದ್ದುದು ಇದೇ ಮೊದಲು.

ಅಂದು ಸಂಜೆ ಜಗುಲಿಯ ಮೇಲೆ ತಾತ ಗೊಂಚಲು ಕತ್ತರಿಸುವ ಕತ್ತರಿಗೆ ಎಣ್ಣೆ ಹಾಕುತ್ತಿದ್ದರು. ಪಕ್ಕದಲ್ಲಿ ಬೈರ ಮಲಗಿತ್ತು. ಕಂದು ಬಣ್ಣದ ನಾಟಿ ನಾಯಿ, ಒಂದು ಕಿವಿ ಮಾತ್ರ ನೆಟ್ಟಗೆ. ನಾನು ಓದಿದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ತಾತ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡರು.

"ಆ ಅಣ್ಣಲ್ಲಿ ಇರೋ ವಿಷ ಯಾವ್ದು ಮಗ?"

"ಅದು ಇನ್ನೂ ಗೊತ್ತಾಗಿಲ್ಲ ತಾತ."

"ಎಷ್ಟು ತಿಂದ್ರೆ ಕೆಡ್ತದೆ?"

"ಅದೂ ಸರಿಯಾಗಿ ಗೊತ್ತಿಲ್ಲ."

"ತಿಂದ ನಾಯ್ಗೆಲ್ಲ ಇಂಗೇ ಆಯ್ತದಾ?"

"ಇಲ್ಲ. ಕೆಲವಕ್ಕೆ ಏನೂ ಆಗಲ್ಲ. ಯಾವುದಕ್ಕೆ ಆಗುತ್ತೆ ಅಂತ ಮೊದಲೇ ಗೊತ್ತಾಗಲ್ಲ."

ತಾತ ಕತ್ತರಿಯನ್ನು ಎರಡು ಸಲ ಆಡಿಸಿ ನೋಡಿದರು.

"ಗೊತ್ತಿಲ್ಲ ಅನ್ನೋದ ಕಲಿಯಕ್ಕೆ ಮೈಸೂರ್ಗಂಟ ಓಗ್ಬೇಕಾಗಿತ್ತೇನವ್ವ? ನಮ್ಮೂರಲ್ಲೇ ಬೇಕಾದಷ್ಟು ಜನ ಏಳ್ಕೊಡ್ತಿದ್ರಲ್ಲ."

ಒಳಗಿನಿಂದ ಅಜ್ಜಿ ಗುರುಬಸಮ್ಮ ನಕ್ಕದ್ದು ಕೇಳಿಸಿತು. ನನಗೂ ನಗು ಬಂತು. ತಾತ ನಗಲಿಲ್ಲ. ಹಾಗೇ ಕೂತು, ತಂದೆ ನೀರಿನ ಅಂಚಿನಲ್ಲಿ ನಿಂತು ಆಡಿದ ಮಾತನ್ನು ತನ್ನ ಕಾಲಕ್ಕೆ ಮುರಿಯಬೇಕೇ, ಅದೂ ಕಾರಣ ತಿಳಿಯದ ಒಂದು ಸುದ್ದಿಗಾಗಿ, ಎಂದು ಮೆಲ್ಲಗೆ ಕೇಳಿದರು. ಕೇರಿಯ ಮುಂದೆ ಹರಕೆ ನಿಲ್ಲಿಸಿದರೆ ತಾತ ತಂದೆಗೆ ತಪ್ಪಿದಂತೆ. ನಡೆಸಿದರೆ ಬೈರ ಉಳಿಯದೆಯೂ ಹೋಗಬಹುದು.

ಚಿಕ್ಕಪ್ಪ ನಂಜೇಶ್ ನನ್ನನ್ನು ಹಿತ್ತಲಿಗೆ ಕರೆದು ಸುಲಭದ ದಾರಿ ಹೇಳಿಕೊಟ್ಟರು. ಒಂದು ಕಾಳು ತಿಂದರೆ ಸಾಕು, ನಾಯಿ ನಿಂತಲ್ಲೇ ಬೀಳುತ್ತದೆ ಎಂದುಬಿಡು. ವಿಷದ ಹೆಸರು ಕೇಳಿದರೆ ಉದ್ದನೆಯ ಯಾವುದಾದರೂ ಒಂದು ಹೆಸರು ಹೇಳು. ತಾತ ಏನು ಪುಸ್ತಕ ತೆಗೆದು ನೋಡುತ್ತಾರೆಯೇ ಎಂದರು. ಇಲ್ಲದ ಹೆಸರನ್ನು ಹೇಳುವುದು ನನ್ನಿಂದಾಗಲಿಲ್ಲ. ಸುಳ್ಳು ಹೇಳಿ ಗೆದ್ದರೆ ನಾಳೆ ನಿಜ ಹೇಳುವಾಗಲೂ ತಾತ ಹೀಗೆಯೇ ಕೂತು ಕೇಳಿಸಿಕೊಳ್ಳುತ್ತಾರೆಂಬ ಭರವಸೆಯಿರಲಿಲ್ಲ.

ಶನಿವಾರ ಮಧ್ಯಾಹ್ನ ತಿ. ನರಸೀಪುರದ ಬಸ್ಸು ಹತ್ತಿ ಪಶುವೈದ್ಯ ಗಂಗಾಧರಸ್ವಾಮಿಯವರನ್ನು ಕಂಡೆ. ಅವರು ನಮ್ಮ ಎಮ್ಮೆಯ ಹೆರಿಗೆಗೆ ಬಂದವರು, ತಾತನಿಗೆ ಅವರಲ್ಲಿ ನಂಬಿಕೆ. ಇಷ್ಟು ವರ್ಷದ ಸೇವೆಯಲ್ಲಿ ದ್ರಾಕ್ಷಿಯಿಂದ ಕೆಟ್ಟ ನಾಯಿಯನ್ನು ತಾವು ನೋಡಿಲ್ಲ, ಈ ಕಡೆ ನಾಯಿಗೆ ದ್ರಾಕ್ಷಿ ಕೊಡುವ ಶ್ರೀಮಂತರನ್ನೂ ನೋಡಿಲ್ಲ ಎಂದು ನಕ್ಕರು. ಆಮೇಲೆ ಗಂಭೀರವಾಗಿ, ಒಂದು ತರಬೇತಿಯಲ್ಲಿ ಈ ವಿಷಯ ಕೇಳಿದ್ದೇನೆ, ನಾನಾಗಿದ್ದರೆ ಕೊಡುವುದಿಲ್ಲ ಎಂದರು. ಕೊಡದಿದ್ದರೆ ನಾಯಿಗೆ ನಷ್ಟವಿಲ್ಲ, ಕೊಟ್ಟರೆ ಆಗಲೂಬಹುದು. ಒಂದು ವೇಳೆ ತಿಂದರೆ ತಡಮಾಡದೆ ಕರೆತನ್ನಿ, ಸೋಮವಾರ ನಾನು ಇಲ್ಲಿಯೇ ಇರುತ್ತೇನೆ ಎಂದೂ ಹೇಳಿದರು.

ಇದನ್ನೂ ತಾತನಿಗೆ ಒಪ್ಪಿಸಿದೆ. ಅವರೂ ನೋಡಿಲ್ಲ, ನೀನೂ ನೋಡಿಲ್ಲ ಎಂದಷ್ಟೇ ಹೇಳಿ ಬೇಲಿಯ ಕಡೆ ಹೋದರು.

ಸೋಮವಾರದ ಬೆಳಿಗ್ಗೆ ಅಜ್ಜಿ ತನ್ನದೇ ಉಪಾಯ ಹೂಡಿದಳು. ಹೊಟ್ಟೆ ತುಂಬಿದ ನಾಯಿ ಹಣ್ಣನ್ನು ಮುಟ್ಟುವುದಿಲ್ಲ, ಮುಟ್ಟದಿದ್ದರೆ ಅದು ದೇವರ ಇಚ್ಛೆ, ಯಾರ ತಪ್ಪೂ ಅಲ್ಲ ಎಂಬುದು ಅವಳ ತರ್ಕ. ಮುದ್ದೆಯ ಮೇಲೆ ಮುದ್ದೆ ಮಾಡಿ, ಗಟ್ಟಿ ಮೊಸರು ಕಲಸಿ ಬೈರನ ತಟ್ಟೆಗೆ ಹಾಕಿದಳು. ಬೈರ ತಟ್ಟೆಯನ್ನು ಅಂಗಳದ ತುದಿಯವರೆಗೆ ತಳ್ಳಿಕೊಂಡು ಹೋಗಿ ನೆಕ್ಕಿ ಮುಗಿಸಿತು. ಅಮ್ಮ ರಾತ್ರಿಯ ಅನ್ನ ತಂದು ಸುರಿದಳು. ಅದೂ ಹೋಯಿತು. ಆಮೇಲೆ ಬೈರ ಬಂದು ತಾತನ ಕಾಲ ಬಳಿ ಕೂತು, ನೆಟ್ಟಗಿದ್ದ ಕಿವಿಯನ್ನು ಇನ್ನಷ್ಟು ನೆಟ್ಟಗೆ ಮಾಡಿ, ಬಾಲದಿಂದ ನೆಲ ಗುಡಿಸತೊಡಗಿತು.

"ಇದರ ಒಟ್ಟೆ ಯಾವ ಕೆರೆ ಕಣವ್ವ," ಎಂದು ಅಜ್ಜಿ ಸೋತು ಕೂತಳು.

ಕೇರಿಯವರು ಒಬ್ಬೊಬ್ಬರಾಗಿ ಬಂದು ಜಗುಲಿ, ಕಟ್ಟೆ, ಒರಳುಕಲ್ಲು, ಸಿಕ್ಕಲ್ಲಿ ಕೂತರು. ಮಲ್ಲಾಜಮ್ಮನವರು ಎಲ್ಲರಿಗಿಂತ ಮುಂದೆ, ಕಂಬಕ್ಕೆ ಒರಗಿ ಕಾಲು ಚಾಚಿಕೊಂಡರು. ತಾತ ಮಡಿಯುಟ್ಟು, ವಿಭೂತಿ ಧರಿಸಿ, ಬೈರನ ಹಣೆಗೂ ಮೂರು ಬೆರಳಿನ ವಿಭೂತಿ ಎಳೆದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಬೇಲಿ ದಾಟಿ ಹೋಗಿ, ಎಲ್ಲಕ್ಕಿಂತ ತುಂಬಿದ ಗೊಂಚಲನ್ನು ಕತ್ತರಿಸಿ ತಂದು ಬಾಳೆಲೆಯ ಮೇಲಿಟ್ಟರು. ಹಣ್ಣುಗಳ ಮೇಲೆ ತೆಳುವಾಗಿ ಬಿಳಿಯ ಹೊಳಪಿತ್ತು. ಬಂದವರಲ್ಲಿ ಯಾರೋ ಇದೇನು ಬಸಪ್ಪನೋರೆ, ಪೇಟೆ ಹಣ್ಣು ತಂದು ಕಟ್ಟಿದ್ದೀರೇನು ಎಂದು ಛೇಡಿಸಿದರು. ತಾತನ ಮುಖ ಅರಳಿತು. ಆಗ ಬಾಗಿಲಲ್ಲಿ ನಿಂತಿದ್ದ ಗೂಡ್ಸ್ ಆಟೋ ಅವರ ಕಣ್ಣಿಗೆ ಬಿತ್ತು.

"ಅದ್ಯಾಕೆ ಇಲ್ಲಿ?"

"ನಾನೇ ಕರೆಸಿದೆ ತಾತ. ಬೈರನ್ನ ನರಸೀಪುರಕ್ಕೆ ಕರ್ಕೊಂಡೋಗೋಕೆ. ಡಾಕ್ಟ್ರು ಕಾಯ್ತಿರ್ತೀನಿ ಅಂದವ್ರೆ." ನಾನು ಸೇರಿಸಿದೆ, "ನಿನ್ನ ತಡೆಯಲ್ಲ. ತಿಂದ್ಮೇಲೆ ಒಂದು ಗಳಿಗೆನೂ ಹಾಳಾಗ್ಬಾರ್ದು, ಅಷ್ಟೇ."

ಆಟೋದ ಹಿಂಭಾಗದಲ್ಲಿ ಗೋಣಿಚೀಲ ಹಾಸಿ, ಬೈರನ ನೀರಿನ ಬೋಗುಣಿಯನ್ನೂ ಇಟ್ಟಿದ್ದೆ. ತಾತ ಅದನ್ನು ನೋಡಿ, ಬೈರನ ಎದುರು ಕುಕ್ಕರುಗಾಲಿನಲ್ಲಿ ಕೂತರು. ಗೊಂಚಲಿನಿಂದ ಒಂದೇ ಒಂದು ಹಣ್ಣನ್ನು ಬಿಡಿಸಿ, ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

ಬೈರ ಹಣ್ಣನ್ನು ನೋಡಲಿಲ್ಲ. ತಾತನ ಮುಖವನ್ನೇ ನೋಡುತ್ತ, ಕಣ್ಣು ಕೀಳದೆ, ಮುಂಚೆಯೇ ಬಾಯಿ ತೆರೆಯಿತು.

ತಾತ ಕೈ ಮುಚ್ಚಿಕೊಂಡರು. ಬೈರ ಮುಚ್ಚಿದ ಮುಷ್ಟಿಯನ್ನು ಮೂಗಿನಿಂದ ಒಮ್ಮೆ ಮೆಲ್ಲಗೆ ತಳ್ಳಿ, ತೆರೆಯುವವರೆಗೆ ಕಾಯಲು ಸಿದ್ಧವಾಗಿ ಕೂತಿತು.

"ಮೂಸಿ ಕೂಡ ನೋಡಕಿಲ್ವಲ್ಲಾ ಇದು," ಎಂದರು ತಾತ. ಯಾರನ್ನು ಉದ್ದೇಶಿಸಿಯೂ ಅಲ್ಲ. "ನನ್ ಕೈಯಾಗೆ ಐತೆ ಅಂದ್ರೆ ಸಾಕು ಇದ್ಕೆ."

ಅವರು ಹಣ್ಣನ್ನು ಗೊಂಚಲಿನ ಪಕ್ಕದಲ್ಲಿಟ್ಟು, ಬಾಳೆಲೆಯನ್ನು ಎತ್ತಿ ಜಗುಲಿಯ ಮೇಲೆ, ಬೈರನಿಗೆ ಎಟುಕದಷ್ಟು ಒಳಗೆ ಸರಿಸಿದರು. ಅಪ್ಪ ಮುಂದೆ ಬಂದು, ಹಾಗಾದರೆ ಹರಕೆ ಎಂದು ಅರ್ಧಕ್ಕೇ ನಿಲ್ಲಿಸಿದರು. ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ ಅದೇ. ತಾತ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. ಅವರ ಮುಖದಲ್ಲಿ ಕೆಲವು ದಿನಗಳಿಂದ ಇದ್ದ ಬಿಗುವು ಸಡಿಲವಾಗಿತ್ತು.

"ಅಪ್ಪ ಏಳಿದ್ದು ನಾಯಿ ತಿಂದ್ಮೇಲೆ ನಾವು ತಿನ್ನೋದು ಅಂತ. ಬೈರ ತಿನ್ನಕಿಲ್ಲ. ಅಲ್ಲಿಗೆ ನಾವೂ ತಿನ್ನಕಿಲ್ಲ. ಈ ಮನೇರು ಯಾರೂ ಈ ತೋಟದ ದ್ರಾಕ್ಷಿ ಬಾಯ್ಗೆ ಆಕಂಗಿಲ್ಲ. ನೀವೆಲ್ಲ ತಿನ್ನಿ."

ನಾನು ಎಲ್ಲ ಸಾಧ್ಯತೆಗಳನ್ನೂ ಲೆಕ್ಕ ಹಾಕಿದ್ದೆನೆಂದು ತಿಳಿದಿದ್ದೆ. ಈ ಒಂದನ್ನು ಹಾಕಿರಲಿಲ್ಲ. ಹರಕೆ ಒಂದು ಕೂದಲೆಳೆಯಷ್ಟೂ ಮುರಿಯದೆ ಉಳಿದಿತ್ತು, ಬೈರನೂ ಉಳಿದಿತ್ತು, ಬೆಲೆ ತೆರಬೇಕಾದವರು ನಾವಷ್ಟೇ. ಚಿಕ್ಕಪ್ಪ ಎರಡು ವರ್ಷ ಆ ಬಳ್ಳಿಗಳಿಗೆ ನೀರು ಹೊತ್ತವರು. ಅವರು ನನ್ನ ಕಡೆ ತಿರುಗಿ, ಉದ್ದನೆಯ ಹೆಸರೊಂದನ್ನು ಮೊದಲೇ ಹೇಳಿದ್ದರೆ ತಾತ ಬಳ್ಳಿಯನ್ನಾದರೂ ಕಿತ್ತುಹಾಕುತ್ತಿದ್ದರು, ಈಗ ಜೀವಮಾನವೆಲ್ಲ ನೋಡುತ್ತ ಕೂರಬೇಕು ಎಂದು ಪಿಸುಗುಟ್ಟಿದರು. ಅಜ್ಜಿ ಮಾತ್ರ ನೆಮ್ಮದಿಯಾಗಿ ಬುಟ್ಟಿಗಳನ್ನು ಹೊರಗೆ ತಂದಳು.

"ನಿಂಗೇನವ್ವ ಯೋಚ್ನೆ," ಎಂದಳು ನನಗೆ, ಎಲ್ಲರಿಗೂ ಕೇಳುವಂತೆ. "ಮದ್ವೆ ಆಗಿ ಬೇರೆ ಮನೇಳಾಗ್ಬಿಡು. ಆಮ್ಯಾಕೆ ತವ್ರಿಗೆ ಬಂದು ಬುಟ್ಟಿಗಟ್ಲೆ ತಿನ್ನು. ನನ್ ಗತಿ ನೋಡು, ಈ ವಯಸ್ನಲ್ಲಿ ಎಲ್ಲಿಗೋಗ್ಲಿ?"

ಅಂಗಳವೆಲ್ಲ ನಗೆ. ಅಜ್ಜಿ ಅಷ್ಟಕ್ಕೇ ನಿಲ್ಲಿಸದೆ ಒಂದು ಕೊಬ್ಬರಿ ಹೋಳನ್ನು ತಂದು ತಾತನ ಕೈಗೆ ಕೊಟ್ಟಳು. ಕೊಬ್ಬರಿ ಬೈರನಿಗೆ ಮೊದಲಿನಿಂದಲೂ ಪ್ರಿಯ. ತಾತ ಚೂರು ಮಾಡಿ ಒಂದೊಂದಾಗಿ ತಿನ್ನಿಸಿದರು. ಅಷ್ಟೆಲ್ಲ ಮುದ್ದೆ ಉಂಡ ಹೊಟ್ಟೆಯಲ್ಲಿ ಅದಕ್ಕೂ ಜಾಗವಿತ್ತು. ನಾನು ಆಟೋದವನಿಗೆ ಹೋಗಬಹುದೆಂದು ಹೇಳಿದೆ. ಅವನು ಹಣ್ಣು ತಿನ್ನದೆ ಹೋಗುವುದಿಲ್ಲ ಎಂದು ಕೆಳಗಿಳಿದು ಬಂದ.

ಮೊದಲ ಗೊಂಚಲು ಮಲ್ಲಾಜಮ್ಮನವರ ಮಡಿಲಿಗೆ ಬಿತ್ತು. ಅವರು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ತಾತ ಎದುರು ನಿಂತು ಕಾದರು. ಮಲ್ಲಾಜಮ್ಮ ಬೀಜ ಉಗಿದು, ಇನ್ನೊಂದು ಹಾಕಿಕೊಂಡರು. ಮತ್ತೊಂದು.

"ಎಂಗದೆ ತಂಗ್ಯವ್ವ?" ಎಂದು ತಾತ ಕೊನೆಗೆ ಕೇಳಿದರು.

"ತಡ್ಕಣಣ್ಣ. ಚಪ್ಪರದ ಕೆಳ್ಗೆ ಮದ್ವೆ ಮಾಡಿ ಅಂದಿದ್ದೋಳು ನಾನು. ಬಾಯ್ಬಿಟ್ಟು ಒಪ್ಕೋಬೇಕಂದ್ರೆ ಸರ್ಯಾಗಿ ನೋಡ್ಬೇಕಲ್ವಾ?" ಅರ್ಧ ಗೊಂಚಲು ಖಾಲಿಯಾದ ಮೇಲೆ ಅವರು ಕಣ್ಣು ತೆರೆದರು. "ಮೊದ್ಲು ಉಳಿ. ಉಳಿ ಓಯ್ತಾ ಓಯ್ತಾ ಇಂದ್ಗಡೆಯಿಂದ ಸಿಹಿ ಬತ್ತದೆ. ಸಿಪ್ಪೆ ಒಂಚೂರು ಒಗರು. ತಿರುಳು ನಾಲ್ಗೆ ಮ್ಯಾಲೆ ಜಾರ್ತದೆ. ರೋಜಾ ಊವ ಮೂಸ್ದಂಗೆ ಒಂದು ವಾಸ್ನೆ ಮೂಗ್ನಾಗೆ ನಿಂತ್ಕತದೆ. ಗೆದ್ದೆ ಕಣಣ್ಣ ನೀನು."

ತಾತ ಆ ಮಾತುಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಳ್ಳುತ್ತ ಚಪ್ಪರದ ಕಡೆ ನೋಡಿದರು. ಅವರ ಗಂಟಲು ನುಂಗಿದಂತೆ ಆಡಿದ್ದನ್ನು ನಾನು ಕಂಡೆ. ಆಮೇಲೆ ಅವರು ಪ್ರತಿಯೊಬ್ಬರ ಬಳಿಯೂ ಹೋಗಿ ರುಚಿ ವಿಚಾರಿಸಿದರು. ಬಗ್ಗಿ ಬಗ್ಗಿ ನೆಲದ ಮೇಲೆ ಬಿದ್ದ ಹಣ್ಣುಗಳನ್ನು ಆಯ್ದು ಬೇಲಿಯಾಚೆ ಎಸೆಯುತ್ತಲೂ ಇದ್ದರು. ಬೈರನ ಹಗ್ಗವನ್ನು ಅವರೇ ಕಂಬಕ್ಕೆ ಕಟ್ಟಿದ್ದರು. ಒಬ್ಬ ಹುಡುಗಿ ಪ್ರೀತಿಯಿಂದ ಬೈರನಿಗೆ ಒಂದು ಹಣ್ಣು ಕೊಡಲು ಹೋದಾಗ ತಾತ ಓಡಿಬಂದು ತಡೆದರು. ಯಾಕೆಂದು ಅವಳು ಕೇಳಿದಳು. ವಾಂತಿಯಿಂದ ಹಿಡಿದು ಮೂತ್ರಪಿಂಡದವರೆಗೆ ನಾನು ಹೇಳಿದ್ದನ್ನೆಲ್ಲ ತಾತ ಕ್ರಮ ತಪ್ಪದೆ ಅವಳಿಗೆ ಒಪ್ಪಿಸಿದರು. ತಿಳಿಯದೆ ಉಳಿದಿರುವುದು ಏನೇನೆಂಬುದನ್ನೂ ಬಿಡಲಿಲ್ಲ.

ಉಳಿದ ಹಣ್ಣನ್ನು ನಂಜನಗೂಡಿನ ವ್ಯಾಪಾರಿಗಳು ಬಂದು ಕೊಂಡೊಯ್ದರು. ಮುಂದಿನ ಭಾನುವಾರ ಚಿಕ್ಕಪ್ಪ ತಡೆಯಲಾರದೆ ಅದೇ ನಂಜನಗೂಡಿನ ಸಂತೆಯಿಂದ ಬೇರೆ ಯಾರದೋ ತೋಟದ ಬಿಳಿ ದ್ರಾಕ್ಷಿ ತಂದರು. ಅದು ನಮ್ಮ ಮಣ್ಣಿನದಲ್ಲವಾದ್ದರಿಂದ ಹರಕೆಗೆ ಸೇರಿರಲಿಲ್ಲ. ಬೈರ ಒಳಗೆ ಬಾರದಂತೆ ಕದ ಹಾಕಿಕೊಂಡು ನಡುಮನೆಯಲ್ಲಿ ಸುತ್ತ ಕೂತು ತಿಂದೆವು. ಹೊರಗೆ ಬೈರ ಕದ ಕೆರೆಯುತ್ತಿತ್ತು. ತಾತ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದರು.

"ಸಪ್ಪೆ. ನಮ್ದರ ಮುಂದೆ ಇದೇನೂ ಇಲ್ಲ."

"ನಮ್ದ ನೀವ್ಯಾವಾಗ ತಿಂದ್ರಿ?" ಎಂದಳು ಅಜ್ಜಿ.

"ಮಲ್ಲಾಜಿ ತಿಂದ್ಲಲ್ಲ," ಎಂದರು ತಾತ, ಅದರಲ್ಲಿ ಕೇಳುವುದಕ್ಕೇನಿದೆ ಎಂಬಂತೆ. ಕೈಯನ್ನು ಸೋಪು ಹಾಕಿ ತೊಳೆದು, ಪಂಚೆಗೆ ಒರೆಸಿಕೊಂಡು, ಬೈರನನ್ನು ಮಾತಾಡಿಸಲು ಕದ ತೆರೆದರು.